ಮಾರ್ಚ್-ಏಪ್ರಿಲಲ್ಲಿ ಮಕ್ಕಳ ಮನೆಗೆ ಕ್ಯಾಲಿಫೋರ್ನಿಯಾಗೆ ಹೋಗೋರಿಗೆ: ಮರುಭೂಮಿ ಹೂ ನೋಡೋಕೆ ಲ್ಯಾಂಕಾಸ್ಟರಾ, ಬೊರೇಗೊನಾ?

ಜಯನಗರದ ರೋಡಲ್ಲಿ ತಬೆಬೂಯ ಬಿಡೋಕೆ ಶುರು ಆಯ್ತು ಅಂದ್ರೆ ನಮ್ಮ ವಾಕಿಂಗ್ ಗುಂಪಲ್ಲಿ ಯಾರೋ ಒಬ್ರು ಸೂಟ್‌ಕೇಸ್ ಕೆಳಗಿಳಿಸ್ತಿದಾರೆ ಅಂತಾನೇ ಲೆಕ್ಕ, ಮಗನ ಮನೆಗೋ ಮಗಳ ಮನೆಗೋ ಹೊರಟಿರ್ತಾರೆ. ಆಮೇಲೆ ನನ್ನ ಹತ್ರ ಬಂದು ಅದೇ ಪ್ರಶ್ನೆ, "ನೀವು ಅದೇನೋ ಮರುಭೂಮೀಲಿ ಹೂವಿನ ಹಾಸಿಗೆ ನೋಡ್ಕೊಂಡು ಬಂದ್ರಲ್ಲ, ಅದೆಲ್ಲಿ, ನಾವೂ ಹೋಗ್ಬೋದಾ?" ಪಾರ್ಕಲ್ಲಿ ಒಂದು ರೌಂಡ್ ಹೊಡಿಯೋಷ್ಟರಲ್ಲಿ ಹೇಳಿ ಮುಗಿಸೋ ವಿಷಯ ಅಲ್ಲ ಇದು, ಅದಕ್ಕೇ ಒಂದ್ಸಲ ಕೂತು ಬರ್ದೇಬಿಡೋಣ ಅಂತ.

ನಮ್ಮ ಮಗಳು ಇರೋದು ಅರ್ವೈನಲ್ಲಿ, ಲಾಸ್ ಏಂಜಲೀಸಿಗೂ ಸ್ಯಾನ್ ಡಿಯಾಗೋಗೂ ಮಧ್ಯ. 2019, 2023, 2025, ಮೂರು ಸಲ ಹೂವಿನ ಕಾಲದಲ್ಲೇ ಹೋಗಿದೀವಿ. ಮೊದಲನೇ ಸಲ ಕಣ್ಣು ತುಂಬಾ ನೋಡಿದ್ವಿ, ಎರಡನೇ ಸಲ ಒಂದಿನ ಸಪ್ಪೆ ಒಂದಿನ ಭರ್ಜರಿ, ಮೂರನೇ ಸಲ ಒಂದು ಹೂವೂ ಇಲ್ಲ. ಸುಳ್ಳಲ್ಲ, ಬೋಳು ಗುಡ್ಡ. ಮೂರನ್ನೂ ನೋಡಿರೋದ್ರಿಂದ ಹೇಳ್ತೀನಿ, ಫೋಟೋ ನೋಡ್ಕೊಂಡು ಜಾಗ ಆರಿಸ್ಬೇಡಿ. ನಿಮ್ಮ ಟಿಕೆಟ್ ಯಾವ ವಾರಕ್ಕೆ ಬಿದ್ದಿದೆ, ಕಾರಲ್ಲಿ ಯಾರ್ಯಾರು ಕೂತಿರ್ತಾರೆ, ಇವೆರಡೇ ನೋಡ್ಕೊಂಡು ಆರಿಸಿ.

ಮೊದ್ಲು ಈ ಹೂ ಯಾಕೆ ಒಂದು ವರ್ಷ ಬರತ್ತೆ ಒಂದು ವರ್ಷ ಇಲ್ಲ ಅನ್ನೋದು ತಿಳ್ಕೊಂಡ್ರೆ ಉಳಿದಿದ್ದೆಲ್ಲ ಸುಲಭ. ಅಲ್ಲಿ ಮಳೆ ಬರೋದೇ ಚಳಿಗಾಲದಲ್ಲಿ. ಬಹುಪಾಲು ನವೆಂಬರಿಂದ ಮಾರ್ಚ್ ತನಕ ಬೀಳೋದೇ, ಆಮೇಲೆ ಬೇಸಿಗೆ ಹೆಚ್ಚುಕಮ್ಮಿ ಒಣ. ಲ್ಯಾಂಕಾಸ್ಟರ್ ಕಡೆ ವರ್ಷಕ್ಕೆ ಏಳು ಇಂಚಿನ ಆಸುಪಾಸು, ಡೆತ್ ವ್ಯಾಲಿ ಅನ್ನೋ ಮರುಭೂಮಿ ಕಣಿವೇಲಿ ಬರೀ ಎರಡು ಇಂಚು, ಬೆಂಗಳೂರಲ್ಲಿ ಒಂದು ಸಂಜೆ ಜೋರು ಮಳೆ ಬಂದ್ರೆ ಎರಡಿಂಚು ಮುಗೀತು, ಅದು ಅಲ್ಲಿ ಒಂದು ವರ್ಷದ ಕೋಟಾ. ಈ ಹೂಗಳೆಲ್ಲ ಬಹುಪಾಲು ಒಂದೇ ವರ್ಷ ಬದುಕೋ ಗಿಡಗಳು, ಬೀಜ ಉದುರಿಸಿ ಸತ್ತೋಗ್ತವೆ, ಆ ಬೀಜ ಮಣ್ಣಲ್ಲಿ ವರ್ಷಗಟ್ಟಲೆ ಸುಮ್ನೆ ಬಿದ್ದಿರತ್ತೆ. ಎಷ್ಟೋ ಜಾತಿಗಳ ಬೀಜದ ಸಿಪ್ಪೆ ಮೇಲೆ ಮೊಳಕೆ ತಡೆಯೋ ರಾಸಾಯನಿಕ ಇರತ್ತಂತೆ, ಅರ್ಧ ಇಂಚೋ ಒಂದಿಂಚೋ ಒಳ್ಳೆ ಮಳೆ ಬಿದ್ದು ಅದು ತೊಳ್ದು ಹೋದ್ರೆ ಮಾತ್ರ ಬೀಜ ಏಳತ್ತೆ, ಸುಮ್ನೆ ನಾಲ್ಕು ಹನಿಗೆ ಮೋಸ ಹೋಗಲ್ಲ. ನಮ್ಮ ಊರ ಕಡೆ ರೈತರು ಹದ ಮಳೆ ಬರ್ದೆ ಬಿತ್ತನೆಗೆ ಕೈ ಹಾಕಲ್ವಲ್ಲ, ಹಾಗೆ, ಆದ್ರೆ ಇಲ್ಲಿ ಬೀಜಾನೇ ಹದ ನೋಡತ್ತೆ. ಎದ್ಮೇಲೂ ಮತ್ತೆ ಮತ್ತೆ ಸ್ವಲ್ಪ ಸ್ವಲ್ಪ ಮಳೆ ಬೇಕು, ಮಧ್ಯ ಬಿಸಿಗಾಳಿ ಬೀಸಬಾರ್ದು, ಇಷ್ಟೆಲ್ಲ ಕೂಡಿ ಬಂದ ವರ್ಷಾನ ಸೂಪರ್ ಬ್ಲೂಮ್ ಅಂತಾರೆ. 2017, 2019, 2023 ಅಂಥ ವರ್ಷಗಳು. 2025ರಲ್ಲಿ ಚಳಿಗಾಲ ಒಣಗಿ ಹೋಗಿತ್ತು, ನಾವು ಹೋಗಿದ್ದು ಸರಿಯಾಗಿ ಆವಾಗ್ಲೇ. ಅದಕ್ಕೆ ಡಿಸೆಂಬರ್ ಜನವರೀಲಿ ಮಗಳಿಗೋ ಮಗನಿಗೋ ಫೋನ್ ಮಾಡ್ದಾಗ "ಊಟ ಆಯ್ತಾ" ಜೊತೆ "ಮಳೆ ಆಯ್ತಾ" ಅಂತಾನೂ ಕೇಳಿಡಿ.

ಈಗ ಜಾಗಗಳಿಗೆ ಬರೋಣ.

ಎಲ್ಲರ ಬಾಯಲ್ಲೂ ಇರೋದು ಲ್ಯಾಂಕಾಸ್ಟರ್ ಹತ್ರದ ಆಂಟಿಲೋಪ್ ವ್ಯಾಲಿ ಕ್ಯಾಲಿಫೋರ್ನಿಯಾ ಪಾಪಿ ರಿಸರ್ವ್. ಮೊಹಾವಿ ಮರುಭೂಮಿಯ ಪಶ್ಚಿಮದ ಅಂಚು, ಲಾಸ್ ಏಂಜಲೀಸಿಂದ ಟ್ರಾಫಿಕ್ ಇಲ್ದಿದ್ರೆ ಒಂದೂವರೆ ಗಂಟೆ, ಅರ್ವೈನಿಂದ ಎರಡು ಗಂಟೆ ಮೇಲೇ ಹಿಡಿಯತ್ತೆ. ಸುಮಾರು 1,800 ಎಕರೆ, ಒಳಗೆ ಎಂಟು ಮೈಲಿಯಷ್ಟು ಕಾಲುದಾರಿ. ಕಾರಿಗೆ 10 ಡಾಲರ್ ಪಾರ್ಕಿಂಗ್. ಹೆಸರೇ ಹೇಳೋ ಹಾಗೆ ಇಲ್ಲಿ ಮುಖ್ಯ ಪಾತ್ರ ಪಾಪಿದು. ಕ್ಯಾಲಿಫೋರ್ನಿಯಾದ ರಾಜ್ಯ ಪುಷ್ಪ ಅದು, 1903ರಿಂದ. ನಮ್ಮ ಗಸಗಸೆ ಕುಟುಂಬದ್ದೇ ಗಿಡ, ಅದನ್ನ ಹೇಳಿದ್ದೇ ತಡ ನಮ್ಮನೆಯವ್ರು "ಹಾಗಾದ್ರೆ ಪಾಯಸ ಮಾಡ್ಬೋದು" ಅಂದ್ರು, ಆಗಲ್ಲ, ಇದು ಬೇರೆ ಗಿಡ, ಕುಟುಂಬ ಒಂದೇ ಅಷ್ಟೇ. ನಮ್ಮ ಹೈವೇ ಪಕ್ಕ ಮುಳ್ಳೆಲೆ, ಹಳದಿ ಹೂ ಬಿಟ್ಕೊಂಡು ಒಂದು ದತ್ತೂರಿ ಬೆಳೆದಿರತ್ತಲ್ಲ, ಅದೂ ಇದೇ ಬಳಗ, ಆ ಕಡೆಯಿಂದಾನೇ ನಮ್ಮಲ್ಲಿಗೆ ಬಂದಿದ್ದು.

ಈ ರಿಸರ್ವ್ 1976ರಲ್ಲಿ ಶುರು ಆಗಿದ್ದು. ಅಲ್ಲೊಂದು ಚಿಕ್ಕ ಕಟ್ಟಡ ಇದೆ, ಅರ್ಧ ಗುಡ್ಡದೊಳಗೆ ಹೂತಿಟ್ಟ ಹಾಗೆ, ಅದಕ್ಕೆ ಜೇನ್ ಪಿನ್ಹೇರೋ ಅನ್ನೋರ ಹೆಸರು. ಆ ಹೆಂಗಸು ಸುತ್ತಮುತ್ತಲ ಕಾಡುಹೂಗಳನ್ನ ಜಲವರ್ಣದಲ್ಲಿ ಬರೀತಿದ್ದ ಕಲಾವಿದೆ, ಈ ಜಾಗ ಉಳೀಬೇಕು ಅಂತ ಓಡಾಡಿದೋರು. ಹೂವಿನ ಸೀಸನ್ನಲ್ಲಿ ಮಾತ್ರ ಅದು ತೆಗ್ದಿರತ್ತೆ, ಮಾರ್ಚಿಂದ ಮೇ ಎರಡನೇ ಭಾನುವಾರದ ತನಕ. ಇನ್ನೊಂದು, ಅಲ್ಲಿ ಯಾರೂ ನೀರು ಹಾಕಲ್ಲ, ಗೊಬ್ಬರ ಹಾಕಲ್ಲ, ಬೀಜ ಚೆಲ್ಲಲ್ಲ. ನಮಗೆ ಲಾಲ್‌ಬಾಗ್ ಫ್ಲವರ್ ಶೋ ನೋಡಿ ಅಭ್ಯಾಸ ನೋಡಿ, ಟಿಕೆಟ್ ತಗೊಂಡ್ರೆ ಹೂ ಇದ್ದೇ ಇರತ್ತೆ, ಜನವರಿ 26ಕ್ಕೆ ಅಂದ್ರೆ ಜನವರಿ 26ಕ್ಕೆ. ಇಲ್ಲಿ ಹಾಗಿಲ್ಲ. ಹತ್ತು ಡಾಲರ್ ಕೊಟ್ಟು ಬರೀ ಹುಲ್ಲು ನೋಡ್ಕೊಂಡು ಬರೋ ಚಾನ್ಸೂ ಇದೆ. ಒಂದು ಪುಣ್ಯ ಏನಂದ್ರೆ ಪಾರ್ಕಿನವ್ರು ಗುಡ್ಡದ ಕಡೆ ಮುಖ ಮಾಡಿ ಕ್ಯಾಮೆರಾ ಇಟ್ಟಿದಾರೆ, ಮನೇಲಿ ಕೂತು ಲೈವ್ ನೋಡ್ಬೋದು, ಕಿತ್ತಳೆ ಬಣ್ಣ ಕಂಡ್ರೆ ಹೊರಡಿ ಇಲ್ದಿದ್ರೆ ಇಲ್ಲ.

ಲ್ಯಾಂಕಾಸ್ಟರಿನ ನಿಜವಾದ ವಿಲನ್ನು ಗಾಳಿ. ಈ ಪಾಪಿ ಹೂ ಬಿಸಿಲಿದ್ರೆ ಅರಳತ್ತೆ, ಮೋಡ ಆದ್ರೆ, ಚಳಿ ಆದ್ರೆ, ಗಾಳಿ ಬೀಸಿದ್ರೆ ದಳ ಸುತ್ಕೊಂಡು ಮುಚ್ಕೊಂಡು ಬಿಡತ್ತೆ. 2023 ಏಪ್ರಿಲ್ ಮಧ್ಯ ನಾವು ಹೋದ ಮೊದಲನೇ ದಿನ ಹಾಗೇ ಆಯ್ತು, ಪಾರ್ಕಿಂಗಿಂದ ಇಳಿಯೋಕೆ ಕಾರಿನ ಬಾಗಿಲು ತೆಗ್ದ್ರೆ ಬಾಗಿಲು ನಮ್ಮನ್ನೇ ಎಳ್ಕೊಂಡು ಹೋಗ್ತಿತ್ತು ಅಂಥ ಗಾಳಿ. ಗುಡ್ಡದ ತುಂಬಾ ಹೂವಿದೆ, ಲಕ್ಷ ಲಕ್ಷ ಇದೆ, ಒಂದೂ ತೆರೆದಿಲ್ಲ! ಮಡಚಿಟ್ಟ ಛತ್ರಿಗಳ ಹಾಗೆ. ದೂರದಿಂದ ನೋಡಿದ್ರೆ ತುಕ್ಕು ಬಣ್ಣದ ಗುಡ್ಡ ಅಷ್ಟೇ. ಮಗಳ ಮುಖ ಸಣ್ಣ ಆಯ್ತು, "ಅಮ್ಮ, ಎರಡು ದಿನ ರಜ ಹಾಕಿದೀನಿ, ನಾಳೆನೂ ಬರೋಣ" ಅಂದ್ಲು. ಅಲ್ಲೇ ಊರಲ್ಲೊಂದು ಮೋಟೆಲಲ್ಲಿ ಉಳಿದ್ವಿ. ಮಾರನೇ ದಿನ ಗಾಳಿ ಇಲ್ಲ, ಬೆಳಿಗ್ಗೆ ಒಂಬತ್ತಕ್ಕೆ ಹೋಗಿ ಕೂತ್ವಿ, ಆಗ್ಲೂ ಎಲ್ಲ ಮುಚ್ಚಿತ್ತು. ಹತ್ತೂವರೆ ಹೊತ್ತಿಗೆ ಬಿಸಿಲು ಬಿದ್ದ ಕಡೆಯಿಂದ ಒಂದೊಂದಾಗಿ ಬಿಚ್ಕೊಳ್ಳೋಕೆ ಶುರು ಆಯ್ತು.

ಅವತ್ತು ನನಗೆ ಗುಡ್ಡಕ್ಕಿಂತ ಜಾಸ್ತಿ ನೆನಪಿರೋದು ಒಂದು ಮೊಗ್ಗು. ಮೊಮ್ಮಗ ದಾರಿ ಅಂಚಲ್ಲಿ ಕುಕ್ಕರಗಾಲಲ್ಲಿ ಕೂತು "ಅಜ್ಜಿ, ಈ ಹೂ ಟೋಪಿ ಹಾಕೊಂಡಿದೆ" ಅಂದ. ನೋಡಿದ್ರೆ ನಿಜ, ಮೊಗ್ಗಿನ ಮೇಲೆ ಚೂಪು ತುದಿಯ ಒಂದು ಹಸಿರು ಟೊಪ್ಪಿಗೆ, ಒಳಗಿನ ದಳ ದಪ್ಪ ಆಗ್ತಾ ಆಗ್ತಾ ಅದನ್ನ ಮೇಲಕ್ಕೆ ದಬ್ಬತ್ತೆ, ಕೊನೆಗೆ ಅದು ಬುಡ ಬಿಟ್ಟು ಜಾರಿ ಬಿದ್ದೋಗತ್ತೆ, ಆಮೇಲೆ ನಾಲ್ಕು ದಳ ಬಿಚ್ಕೊಳ್ಳತ್ತೆ. ನೆಲದ ಮೇಲೆಲ್ಲ ಅಂಥ ಟೋಪಿಗಳು ಉದುರಿದ್ವು, ಒಣಗಿ ಕಾಗದದ ಹಾಗೆ. ಹೂ ಉದುರಿದ ಕಡೆ ಒಂದು ಗುಲಾಬಿ ಬಣ್ಣದ ಬಳೆ ಥರ ಅಂಚು ಉಳಿದಿರತ್ತೆ, ಅದನ್ನೂ ನೋಡಿ. ದಳ ಅಂತೂ ರೇಷ್ಮೆ, ಕಾಂಚೀವರಂ ಅಲ್ಲ, ನಮ್ಮ ಮೈಸೂರ್ ಸಿಲ್ಕ್ ಕ್ರೇಪ್ ಇದ್ಯಲ್ಲ ಅದು. ಆ ಟೋಪಿ ಒಂದನ್ನ ಮೊಮ್ಮಗ ಜೇಬಿಗೆ ಹಾಕೊಳ್ಳೋಕೆ ಹೋದ, ಅವರಮ್ಮ ಬಿಡ್ಲಿಲ್ಲ. ಸ್ಟೇಟ್ ಪಾರ್ಕಲ್ಲಿ ಹೂ, ಎಲೆ ಏನೂ ಕೀಳೋ ಹಾಗಿಲ್ಲ, ದಾರಿ ಬಿಟ್ಟು ಇಳಿಯೋ ಹಾಗಿಲ್ಲ, ನಾಯಿ ಡ್ರೋನ್ ಎರಡಕ್ಕೂ ಪ್ರವೇಶ ಇಲ್ಲ. ದೇವರಿಗೆ ಒಂದು ಹೂ ಅಂತ ಕೈ ಚಾಚೋ ಅಭ್ಯಾಸ ನಮಗಿದೆ ನೋಡಿ, ಆ ಕೈನ ಸೀರೆ ಸೆರಗಲ್ಲೇ ಕಟ್ಟಿಟ್ಕೊಳ್ಳಿ.

ಮಂಡಿ ನೋವಿರೋರಿಗೆ, ವೀಲ್‌ಚೇರ್ ಇರೋರಿಗೆ ನಾನು ಹೇಳೋದು ಲ್ಯಾಂಕಾಸ್ಟರೇ. ದಾರೀಲಿ ಒಂದು ಭಾಗಕ್ಕೆ ಗಟ್ಟಿ ನೆಲ ಹಾಕಿದಾರೆ, ವೀಲ್‌ಚೇರ್ ಹೋಗತ್ತೆ, ಟಾಯ್ಲೆಟ್ ಇದೆ. ಮರದ ನೆರಳು ಅಂತ ಕೇಳ್ಬೇಡಿ, ಇಲ್ವೇ ಇಲ್ಲ. ಗುಡ್ಡಗಳು ಎತ್ತರ ಇಲ್ಲ, ಆದ್ರೆ ಸಮುದ್ರ ಮಟ್ಟದಿಂದ ಮೂರು ಸಾವಿರ ಅಡಿಯ ಹತ್ತತ್ರ ಇರೋದ್ರಿಂದ, ಅಂದ್ರೆ ನಮ್ಮ ಬೆಂಗಳೂರಷ್ಟೇ ಎತ್ತರ, ಬೆಳಿಗ್ಗೆ ಚೆನ್ನಾಗೇ ಚಳಿ. ಮಂಕಿ ಕ್ಯಾಪ್ ಅಂತ ನಗ್ಬೇಡಿ, ತಗೊಂಡೋಗಿ, ನಮ್ಮನೆಯವ್ರದ್ದು ಅವತ್ತು ಮೂರು ಜನ ತಿರುಗಿ ನೋಡಿದ್ರು, ಕಿವಿ ಮಾತ್ರ ಬೆಚ್ಚಗಿತ್ತು.

ಇನ್ನು ಬೊರೇಗೊ. ಪೂರ್ತಿ ಹೆಸರು ಆಂಜಾ-ಬೊರೇಗೊ ಡೆಸರ್ಟ್ ಸ್ಟೇಟ್ ಪಾರ್ಕ್, ಕ್ಯಾಲಿಫೋರ್ನಿಯಾದ ಅತಿ ದೊಡ್ಡ ಸ್ಟೇಟ್ ಪಾರ್ಕು, ಆರು ಲಕ್ಷ ಎಕರೆ ಮೇಲೆ. ಲ್ಯಾಂಕಾಸ್ಟರಿನ ರಿಸರ್ವ್ ಥರದ್ದು ಮುನ್ನೂರಕ್ಕೂ ಹೆಚ್ಚು ಹಿಡಿಯತ್ತೆ ಇದರೊಳಗೆ. ಬೊರೇಗೊ ಅಂದ್ರೆ ಸ್ಪ್ಯಾನಿಷಲ್ಲಿ ಕುರಿ, ಅಲ್ಲಿ ಕೊಂಬು ಸುತ್ಕೊಂಡಿರೋ ಕಾಡುಕುರಿಗಳಿವೆ, ಅದಕ್ಕೆ ಆ ಹೆಸರು. ಸ್ಯಾನ್ ಡಿಯಾಗೋದಿಂದ ಎರಡು ಗಂಟೆ, ಅರ್ವೈನಿಂದ ಎರಡೂವರೆ, ಲಾಸ್ ಏಂಜಲೀಸಿಂದ ಮೂರು. ಕೊನೇ ಒಂದು ಗಂಟೆ ಬೆಟ್ಟ ಹತ್ತಿ ಇಳಿಯೋ ತಿರುವು, ಚಾರ್ಮಾಡಿ ಘಾಟಲ್ಲಿ ವಾಂತಿ ಮಾಡ್ಕೊಳ್ಳೋರಿಗೆ ಇಲ್ಲೂ ಆಗತ್ತೆ, ನಿಂಬೆಹಣ್ಣು ಇಟ್ಕೊಳ್ಳಿ. ಮಧ್ಯದಲ್ಲಿ ಬೊರೇಗೊ ಸ್ಪ್ರಿಂಗ್ಸ್ ಅಂತ ಪುಟ್ಟ ಊರು, ಸುತ್ತಲೂ ಪಾರ್ಕು. ರೋಡ್ ಪಕ್ಕ ನಿಲ್ಲಿಸಿ ಹೂ ನೋಡೋಕೆ ಬಹಳ ಕಡೆ ದುಡ್ಡು ಕೊಡೋ ಹಾಗೂ ಇಲ್ಲ.

ಲ್ಯಾಂಕಾಸ್ಟರ್ ಒಂದೇ ರಾಗದ ಕಛೇರಿ ಆದ್ರೆ ಬೊರೇಗೊ ರಾಗಮಾಲಿಕೆ. ಮರಳ ಮೇಲೆ ಹಾಸ್ಕೊಂಡಿರೋ ನೇರಳೆ-ಗುಲಾಬಿ ಸ್ಯಾಂಡ್ ವರ್ಬೀನ, ಹೆಸರಲ್ಲಿ ವರ್ಬೀನ ಇದ್ರೂ ನಿಜವಾಗಿ ಅದು ನಮ್ಮ ಸಂಜೆಮಲ್ಲಿಗೆ, ಬೋಗನ್‌ವಿಲ್ಲಾ ಇವುಗಳ ಕುಟುಂಬ. ಅದರ ಮಧ್ಯ ಮಧ್ಯ ಬಿಳೀ ಪ್ರಿಮ್‌ರೋಸ್, ಸಂಜೆ ಅರಳಿ ಬೆಳಿಗ್ಗೆ ಬಿಸಿಲೇರಿದ್ರೆ ಬಾಡೋ ಹೂ, ರಾತ್ರಿ ಪತಂಗಕ್ಕೋಸ್ಕರ ಅರಳೋದು. ಹಳದಿ ಸೂರ್ಯಕಾಂತಿ ಕುಟುಂಬದ ಹೂ ಬೇರೆ, ಹೊಲ ಹೊಲವೇ, ನಮ್ಮ ಕಡೆ ದೀಪಾವಳಿ ಹೊತ್ತಿಗೆ ಹುಚ್ಚೆಳ್ಳು ಹೊಲ ನೋಡಿದೋರಿಗೆ ಅದರ ಬಣ್ಣ ಹೇಳೋದೇ ಬೇಡ. ಮರುಭೂಮಿ ಲಿಲಿ ಒಂದಿದೆ, ಮರಳಲ್ಲಿ ಒಂಟಿಯಾಗಿ ನೆಟ್ಟಗೆ ನಿಂತಿರತ್ತೆ, ಸುಗಂಧರಾಜದ ಕೋಲಿನ ಹಾಗೆ. ಕಳ್ಳಿ ಹೂ ಆಮೇಲೆ ಬರತ್ತೆ. ಓಕೊಟಿಯೋ ಅಂತ ಎತ್ತರದ ಮುಳ್ಳುಕೋಲುಗಳ ಗಿಡ, ಪ್ರತಿ ಕೋಲಿನ ತುದೀಲೂ ಕೆಂಪು ಹೂವಿನ ಜ್ವಾಲೆ, ಪಂಜು ಹಿಡ್ಕೊಂಡು ಮೆರವಣಿಗೆ ನಿಂತ ಹಾಗೆ.

ಹೂ ಅಷ್ಟೇ ಅಲ್ಲ. ಒಳ್ಳೆ ವರ್ಷ ಹೂವಿನ ಜೊತೆ ದಪ್ಪ ದಪ್ಪ ಕಂಬಳಿಹುಳದ ಥರದ್ದು ಹುಳ ಬರತ್ತೆ, ಕೂದಲಿಲ್ದೆ ನುಣ್ಣಗಿರೋದು, ಬೆರಳುದ್ದ, ಹಿಂದೆ ಒಂದು ಕೊಂಬು, ಆಮೇಲೆ ಅದು ಸ್ಫಿಂಕ್ಸ್ ಪತಂಗ ಆಗತ್ತೆ. 2019ರಲ್ಲಿ ನಾವು ಹೋದಾಗ ರೋಡಲ್ಲೆಲ್ಲ ದಾಟ್ತಿದ್ವು, ಅಳಿಯಂದ್ರು ಕಾರು ನಿಲ್ಲಿಸಿ ನಿಲ್ಲಿಸಿ ಓಡಿಸಿದ್ರು. ಅವನ್ನ ತಿನ್ನೋಕೆ ಅಂತ ದಕ್ಷಿಣದಿಂದ ವಲಸೆ ಬರೋ ಸ್ವೇನ್ಸನ್ಸ್ ಹಾಕ್ ಅನ್ನೋ ಗಿಡುಗಗಳು ಅಲ್ಲಿ ಇಳೀತವೆ. ಹೂವಿಗೆ ಹುಳ, ಹುಳಕ್ಕೆ ಗಿಡುಗ, ಗಿಡುಗಕ್ಕೆ ಬೈನಾಕ್ಯುಲರ್ ಹಿಡ್ಕೊಂಡ ನಿವೃತ್ತ ಅಮೆರಿಕನ್ನರು, ಎಲ್ಲ ಒಂದೇ ಮೈದಾನದಲ್ಲಿ.

ಮಕ್ಕಳಿದ್ರೆ ಬೊರೇಗೊಗೆ ಇನ್ನೊಂದು ಪ್ಲಸ್ ಪಾಯಿಂಟ್, ಊರ ಸುತ್ತ ಬಯಲಲ್ಲಿ ರಿಕಾರ್ಡೋ ಬ್ರೆಸೇಡಾ ಅನ್ನೋ ಕಲಾವಿದ ಮಾಡಿರೋ ನೂರಕ್ಕೂ ಜಾಸ್ತಿ ತಗಡಿನ ಪ್ರಾಣಿಗಳಿವೆ, ಆನೆ, ಡೈನೋಸಾರ್, ಚೇಳು. ಒಂದು ಮಹಾಸರ್ಪ ಇದೆ, ರೋಡಿನ ಈ ಕಡೆ ತಲೆ, ಆ ಕಡೆ ಬಾಲ, ಮಧ್ಯದ ಮೈ ರೋಡಿನ ಕೆಳಗೆ ಹೋದ ಹಾಗೆ ಕಾಣತ್ತೆ. ಮೊಮ್ಮಗನಿಗೆ ಹೂ ಒಂದೂ ನೆನಪಿಲ್ಲ, ಈ ಹಾವು ಮಾತ್ರ ಇವತ್ತಿಗೂ ಹೇಳ್ತಾನೆ.

ಆಮೇಲೆ ರಾತ್ರಿ. ಬೊರೇಗೊ ಸ್ಪ್ರಿಂಗ್ಸಲ್ಲಿ ಟ್ರಾಫಿಕ್ ಸಿಗ್ನಲ್ಲೇ ಇಲ್ಲ, ಬೀದಿ ದೀಪ ಕಮ್ಮಿ, ಬೇಕಂತಲೇ ಹಾಗಿಟ್ಕೊಂಡಿದಾರೆ, 2009ರಲ್ಲಿ ಡಾರ್ಕ್ ಸ್ಕೈ ಊರು ಅಂತ ಮನ್ನಣೆ ಸಿಕ್ಕಿದೆ. ಊಟ ಮುಗಿಸಿ ಹೊರಗೆ ಬಂದ್ರೆ ಆಕಾಶದಲ್ಲಿ ಮಹಾವ್ಯಾಧ, ಪಕ್ಕದಲ್ಲಿ ಕೃತ್ತಿಕೆ. ಬೆಂಗಳೂರಲ್ಲಿ ಕೃತ್ತಿಕೆ ನಮಗೊಂದು ಮಸುಕು ಚುಕ್ಕೆ, ಅಲ್ಲಿ ಆರು ನಕ್ಷತ್ರ ಬಿಡಿಬಿಡಿಯಾಗಿ ಎಣಿಸಿದೆ, ಏಳನೇದು ಕಂಡ ಹಾಗೂ ಆಯ್ತು, ಇಲ್ಲ ಹಾಗೂ ಆಯ್ತು. ನಮ್ಮ ಅಜ್ಜಿ ಅಂಗಳದಲ್ಲಿ ಮಲಗಿ ತೋರಿಸ್ತಿದ್ದಿದ್ದು ಅದೇ. ಒಂದು ರಾತ್ರಿ ಉಳಿಯೋಕೆ ಆಗೋ ಹಾಗಿದ್ರೆ ನನ್ನ ಓಟು ಕಣ್ಮುಚ್ಕೊಂಡು ಬೊರೇಗೊಗೆ. ಉಳಿಯೋಕೆ ಆಗಲ್ಲ, ಬೆಳಿಗ್ಗೆ ಹೋಗಿ ಸಂಜೆ ಬರ್ಬೇಕು, ಕಾರಲ್ಲಿ ಎಪ್ಪತ್ತು ದಾಟಿದೋರಿದಾರೆ ಅಂದ್ರೆ ಲ್ಯಾಂಕಾಸ್ಟರ್.

ಬೊರೇಗೊದ ತೊಂದರೆನೂ ಹೇಳ್ಬೇಕಲ್ಲ. ಅಲ್ಲಿ "ಇಗೋ ಇದೇ ಜಾಗ" ಅಂತ ಒಂದು ಗೇಟಿಲ್ಲ, ಹೂ ಒಂದು ವಾರ ಇಲ್ಲಿದ್ರೆ ಇನ್ನೊಂದು ವಾರ ಅಲ್ಲಿ. ಮೊದ್ಲು ಸೀದಾ ವಿಸಿಟರ್ ಸೆಂಟರಿಗೆ ಹೋಗಿ, ಈ ವಾರ ಎಲ್ಲಿದೆ ಅಂತ ಕೇಳಿ, ಆಮೇಲೆ ಕಾರು ತಿರುಗ್ಸಿ. ನಡೆಯೋದು ಮರಳಲ್ಲಿ, ಅದು ಮಂಡಿಗೆ ಒಳ್ಳೇದಲ್ಲ. ಮೊಬೈಲ್ ಸಿಗ್ನಲ್ ಊರು ಬಿಟ್ರೆ ಕೈ ಕೊಡತ್ತೆ, ಮ್ಯಾಪ್ ಮೊದ್ಲೇ ಡೌನ್‌ಲೋಡ್ ಮಾಡ್ಕೊಳ್ಳಿ. ಮಾರ್ಚ್ ಕೊನೆಗೆ ಮಧ್ಯಾಹ್ನ ಬೆಂಗಳೂರಿನ ಏಪ್ರಿಲ್ ಬಿಸಿಲಷ್ಟೇ ಸುಡತ್ತೆ. ಸಹಾರಾ ಸಾಸಿವೆ ಅಂತ ಹೊರಗಿಂದ ಬಂದ ಕಳೆ ಒಂದಿದೆ, ಹಳದಿ ಚಿಕ್ಕ ಹೂ, ಕೆಲವು ಕಡೆ ಅದೇ ಎಲ್ಲಾನೂ ನುಂಗ್ತಿದೆ, ನಮ್ಮಲ್ಲಿ ಪಾರ್ಥೇನಿಯಂ ಇದ್ದ ಹಾಗೆ. ಹಳದಿ ಕಂಡ ತಕ್ಷಣ ಆಹಾ ಅಂತ ಫೋಟೋ ತೆಗೀಬೇಡಿ, ಅದು ಕಳೆನಾ ಹೂನಾ ನೋಡಿ.

ಟಿಕೆಟ್ ತಾರೀಖಿನ ವಿಷಯ. ಬೊರೇಗೊ ತಗ್ಗಿನ ಬಿಸಿ ಜಾಗ, ಅಲ್ಲಿ ಬೇಗ, ಫೆಬ್ರವರಿ ಕೊನೆಯಿಂದ ಮಾರ್ಚ್ ಮೂರನೇ ವಾರದ ಆಸುಪಾಸು. ಲ್ಯಾಂಕಾಸ್ಟರ್ ಎತ್ತರದ ಚಳಿ ಜಾಗ, ಮಾರ್ಚ್ ಕೊನೆಯಿಂದ ಏಪ್ರಿಲ್ ಮೂರನೇ ವಾರ, ಚಳಿ ಜಾಸ್ತಿ ದಿನ ಎಳೆದ್ರೆ ಇನ್ನೂ ತಡ. ಯುಗಾದಿ ಮನೇಲೇ ಮಾಡ್ಕೊಂಡು ಹೊರಡೋರಿಗೆ ಬಹುತೇಕ ಲ್ಯಾಂಕಾಸ್ಟರೇ ಸಿಗೋದು, ಶಿವರಾತ್ರಿ ಮುಗಿಸ್ಕೊಂಡು ಹೊರಡೋರಿಗೆ ಬೊರೇಗೊ. ಪಂಚಾಂಗದಲ್ಲಿ ಹಬ್ಬ ಹಿಂದೆ ಮುಂದೆ ಆಗತ್ತೆ, ಅಧಿಕಮಾಸ ಬಂದ ವರ್ಷದ ಲೆಕ್ಕ ನೀವೇ ಹಾಕೊಳ್ಳಿ.

ಡೆತ್ ವ್ಯಾಲಿ ಬಗ್ಗೆ ಎರಡು ಮಾತು, ಯಾಕಂದ್ರೆ ಹುಡುಗರೆಲ್ಲ ಅದನ್ನೇ ಕೇಳ್ತಾರೆ. ಲಾಸ್ ಏಂಜಲೀಸಿಂದ ನಾಲ್ಕೂವರೆ ಐದು ಗಂಟೆ, ಕಾರಿಗೆ 30 ಡಾಲರ್, ಏಳು ದಿನ ನಡೆಯತ್ತೆ. ಸಮುದ್ರ ಮಟ್ಟಕ್ಕಿಂತ 86 ಮೀಟರ್ ಕೆಳಗಿರೋ ಬ್ಯಾಡ್‌ವಾಟರ್ ಅಲ್ಲೇ ಇರೋದು. ಹೂ ಅಂತ ಹೋಗೋದಾದ್ರೆ, 1998, 2005, 2016, ಹತ್ತು ವರ್ಷಕ್ಕೊಂದ್ಸಲ ಅನ್ನೋ ಲೆಕ್ಕ. 2015ರ ಅಕ್ಟೋಬರಲ್ಲಿ ಅಲ್ಲಿ ದೊಡ್ಡ ಪ್ರವಾಹ ಬಂದು ರೋಡೆಲ್ಲ ಕಿತ್ಕೊಂಡು ಹೋಯ್ತು, ಅದೇ ನೀರಿಗೆ 2016 ಫೆಬ್ರವರೀಲಿ ಕಣಿವೆ ಪೂರ್ತಿ ಚಿನ್ನದ ಬಣ್ಣ. ಬಂಡೆ, ಉಪ್ಪು, ಮರಳು ನೋಡೋಕೆ ಅಂತ ಹೋಗಿ, ಹೂ ಸಿಕ್ಕಿದ್ರೆ ಲಾಭ ಅಂದ್ಕೊಳ್ಳಿ. ನಾವು ಹೋಗಿಲ್ಲ, ಐದು ಗಂಟೆ ಕಾರಲ್ಲಿ ಕೂರೋದು ನಮ್ಮ ಸೊಂಟಕ್ಕೆ ಆಗಲ್ಲ ಅಂತ ಬಿಟ್ವಿ.

ಕರೀಜೋ ಪ್ಲೇನ್ ಅಂತ ಇನ್ನೊಂದು ಬಯಲಿದೆ, ಹೂ ಗೊತ್ತಿರೋರು ಪಿಸುಮಾತಲ್ಲಿ ಹೇಳೋ ಜಾಗ. 2001ರಲ್ಲಿ ರಾಷ್ಟ್ರೀಯ ಸ್ಮಾರಕ ಅಂತ ಘೋಷಣೆ ಆಗಿದ್ದು, ಭೂಕಂಪಕ್ಕೆ ಹೆಸರಾದ ಸ್ಯಾನ್ ಆಂಡ್ರಿಯಾಸ್ ಬಿರುಕು ಅದರ ಮಧ್ಯದಲ್ಲೇ ಹಾದು ಹೋಗತ್ತೆ. ಗುಡ್ಡಗಳ ಮೇಲೆ ಹಳದಿ, ನೇರಳೆ ಬಣ್ಣ ಬಳ್ದ ಹಾಗೆ. ಪೆಟ್ರೋಲ್ ಬಂಕ್ ಇಲ್ಲ, ಅಂಗಡಿ ಇಲ್ಲ, ಕುಡಿಯೋ ನೀರಿಲ್ಲ, ಮಳೆ ಬಂದ್ರೆ ಮಣ್ಣಿನ ರೋಡಲ್ಲಿ ಕಾರು ಹೂತ್ಕೊಳ್ಳತ್ತೆ. ಗಟ್ಟಿ ಮೈಯವ್ರು, ಟ್ಯಾಂಕ್ ಫುಲ್ ಮಾಡ್ಕೊಂಡು ಹೋಗೋರು ಹೋಗ್ಬೋದು, ಅಪ್ಪ ಅಮ್ಮನ್ನ ಕರ್ಕೊಂಡು ಹೋಗೋ ಜಾಗ ಅಲ್ಲ ಅನ್ನೋದು ನನ್ನ ಅಭಿಪ್ರಾಯ.

ಲೇಕ್ ಎಲ್ಸಿನೋರ್ ಅನ್ನೋ ಊರಿನ ಹತ್ರದ ವಾಕರ್ ಕ್ಯಾನ್ಯನ್ ಫೋಟೋ ನೋಡಿ ಆಸೆ ಪಡೋರು ಬಹಳ, ಹೈವೇಗೇ ಕಾಣೋ ಕಿತ್ತಳೆ ಗುಡ್ಡ. 2019ರಲ್ಲಿ ಜನ ಹೇಗೆ ಮುಗಿಬಿದ್ರು ಅಂದ್ರೆ ಹೈವೇನೇ ಕಟ್ಕೊಂಡು ನಿಂತಿತ್ತು, ನಾವೂ ಆ ಕ್ಯೂನಲ್ಲಿ ಎರಡು ಗಂಟೆ ಕೂತು, ಡಬ್ಬಿಯಲ್ಲಿದ್ದ ಚಿತ್ರಾನ್ನ ಕಾರಲ್ಲೇ ತಿಂದು ವಾಪಸ್ ಬಂದೋರೇ. ಹೂವಿನ ಮಧ್ಯ ಮಲ್ಗಿ ಫೋಟೋ ತೆಗ್ಸಿಕೊಂಡೋರಿಂದ ಗುಡ್ಡದ ಮೇಲೆಲ್ಲ ಕಾಲುದಾರಿ ಗೀಚು. ಒಂದ್ಸಲ ತುಳ್ದು ಮಣ್ಣು ಗಟ್ಟಿ ಆದ್ರೆ ಅಲ್ಲಿ ಮುಂದಿನ ವರ್ಷ ಬೀಜ ಏಳೋದು ಕಷ್ಟ. 2023ರಲ್ಲಿ ಅಲ್ಲಿಯವ್ರು ಆ ಕ್ಯಾನ್ಯನ್ನೇ ಮುಚ್ಚಿಬಿಟ್ರು. ನಿಮ್ಮ ಲಿಸ್ಟಿಂದ ತೆಗೆದುಹಾಕಿ.

ವೀಸಾ ಇಲ್ಲ, ಮಕ್ಕಳು ಅಲ್ಲಿಲ್ಲ, ಆದ್ರೂ ಆಸೆ ಇದೆ ಅನ್ನೋರಿಗೆ ನಾನು ಹೇಳೋದು ಮಹಾರಾಷ್ಟ್ರದ ಕಾಸ್ ಪ್ರಸ್ಥಭೂಮಿ. ಸಾತಾರದಿಂದ 25 ಕಿಲೋಮೀಟರ್, ಬೆಂಗಳೂರಿಂದ ಪುಣೆ ಬಸ್ಸಲ್ಲಿ ರಾತ್ರಿ ಹತ್ತಿದ್ರೆ ಸಾತಾರದಲ್ಲಿ ಇಳೀಬೋದು. ಮರುಭೂಮಿ ಅಲ್ಲ, ಮಳೆ ಧೋ ಅಂತ ಸುರಿಯೋ ಜಾಗ, ಆದ್ರೆ ಕಥೆ ಒಂದೇ ಥರ, ಕೆಳಗೆಲ್ಲ ಜಂಬಿಟ್ಟಿಗೆ ಕಲ್ಲು, ಮೇಲೆ ಒಂದು ಪದರ ಮಣ್ಣು, ದೊಡ್ಡ ಮರಕ್ಕೆ ಬೇರು ಬಿಡೋಕಾಗಲ್ಲ ಅದಕ್ಕೆ ಪುಟ್ಟ ಹೂಗಳ ರಾಜ್ಯ. ಸುಮಾರು 850 ಜಾತಿ ಗಿಡ ಲೆಕ್ಕ ಹಾಕಿದಾರೆ, ಪಶ್ಚಿಮ ಘಟ್ಟದ ಜೊತೆ 2012ರಲ್ಲಿ ಯುನೆಸ್ಕೋ ಪಟ್ಟಿಗೂ ಸೇರಿತು. ಕರ್ಣಕುಂಡಲದ ಜಾತಿಯ ಗುಲಾಬಿ ಹೂ, ಹಳದಿ ಸೋನಕಿ, ಹುಳ ತಿನ್ನೋ ಗಿಡಗಳು. ಟೊಪ್ಲಿ ಕಾರ್ವಿ ಅನ್ನೋದು ಏಳೆಂಟು ವರ್ಷಕ್ಕೊಂದ್ಸಲ, ನಮ್ಮ ಕುರಿಂಜಿ ನೆಂಟ. ಸೆಪ್ಟೆಂಬರ್ ಎರಡನೇ ವಾರದಿಂದ ಅಕ್ಟೋಬರ್ ಮೊದಲ ವಾರ ಒಳ್ಳೆ ಸಮಯ, ದಿನಕ್ಕಿಷ್ಟೇ ಜನ ಅಂತ ಮಿತಿ ಇದೆ, ಆನ್‌ಲೈನ್ ಬುಕ್ ಮಾಡ್ಕೊಂಡೇ ಹೋಗಿ, ಶನಿವಾರ ಭಾನುವಾರ ಮಾತ್ರ ಬೇಡ. ಲ್ಯಾಂಕಾಸ್ಟರಿಗಿಂತ ಒಂದು ವಿಷಯದಲ್ಲಿ ಕಾಸ್ ಮೇಲು, ಮಳೆಗಾಲ ಕೈ ಕೊಡೋದು ಕಮ್ಮಿ, ಹೂ ಪ್ರತಿ ವರ್ಷ ಇದ್ದೇ ಇರತ್ತೆ. ಬಣ್ಣದ ಹರವು ಮಾತ್ರ ಅಷ್ಟು ದೊಡ್ಡದಲ್ಲ, ಕಣ್ಣು ಹೋದಷ್ಟು ದೂರ ಕಿತ್ತಳೆ ಅನ್ನೋದು ಅಲ್ಲಿಲ್ಲ.

ಸಾಮಾನಿನ ವಿಷಯ ಕೇಳ್ತೀರ ಅಂತ ಗೊತ್ತು. ಚಪ್ಪಲಿ ಬೇಡ, ಶೂ. ಪಾಪಿ ರಿಸರ್ವಲ್ಲಿ ರ‍್ಯಾಟಲ್ ಸ್ನೇಕ್ ಇದಾವೆ, ಬಾಲದಲ್ಲಿ ಗಿಲಕಿ ಆಡ್ಸೋ ಹಾವು, ದಾರಿ ಬಿಟ್ಟು ಇಳೀಬೇಡಿ ಅನ್ನೋದಕ್ಕೆ ಹೂ ಒಂದು ಕಾರಣ, ಇದು ಇನ್ನೊಂದು. ತಲೆಗೆ ಎರಡು ಲೀಟರ್ ನೀರು. ಚಪಾತಿಗೆ ಚಟ್ನಿಪುಡಿ ತುಪ್ಪ ಹಚ್ಚಿ ಸುತ್ತಿ ಇಟ್ಕೊಂಡ್ರೆ ಗಾಳೀಲಿ ತಿನ್ನೋಕೆ ಅನುಕೂಲ, ಮೊಸರನ್ನ ತಟ್ಟೆ ಹಿಡ್ಕೊಂಡ್ರೆ ಮರಳು ಕಲಸಿದ ಮೊಸರನ್ನ ಆಗತ್ತೆ. ಹಿಂದಿನ ರಾತ್ರಿ ಗಾಳಿ ಎಷ್ಟು ಅಂತ ವೆದರ್ ನೋಡಿ, ಮಳೆ ನೋಡ್ಬೇಡಿ. ಥಿಯೋಡೋರ್ ಪೇನ್ ಫೌಂಡೇಶನ್ ಅನ್ನೋ ಸಂಸ್ಥೆಯವ್ರು ಮಾರ್ಚಿಂದ ಮೇ ತನಕ ಪ್ರತಿ ಶುಕ್ರವಾರ ಎಲ್ಲೆಲ್ಲಿ ಏನೇನು ಅರಳಿದೆ ಅಂತ ವರದಿ ಹಾಕ್ತಾರೆ, 1983ರಿಂದ ನಡೆಸ್ಕೊಂಡು ಬಂದಿದಾರೆ, ಫೋನ್ ಮಾಡಿದ್ರೆ ಓದಿ ಹೇಳೋ ಹಾಟ್‌ಲೈನೂ ಇದೆ. ಶುಕ್ರವಾರ ವರದಿ ನೋಡಿ, ಮಂಗಳವಾರವೋ ಬುಧವಾರವೋ ಹೋಗಿ, ವೀಕೆಂಡಲ್ಲಿ ಹೋದ್ರೆ ಮೆಜೆಸ್ಟಿಕ್ಕು.

2025ರಲ್ಲಿ ಹೂ ಇಲ್ಲ ಅಂತ ಗೊತ್ತಿದ್ದೂ ನಮ್ಮನೆಯವ್ರು ಹಠ ಹಿಡಿದ್ರು ಅಂತ ಲ್ಯಾಂಕಾಸ್ಟರಿಗೆ ಹೋಗಿದ್ವಿ. ರಿಸರ್ವಿಂದ ಇನ್ನೂ ಏಳು ಮೈಲಿ ಪಶ್ಚಿಮಕ್ಕೆ ಹೋದ್ರೆ ರಿಪ್ಲಿ ಅಂತ ಪುಟ್ಟ ಪಾರ್ಕು, ಜೋಶುವಾ ಮರಗಳ ಕಾಡು, ಕತ್ತಾಳೆಗೆ ಕೈಕಾಲು ಬಂದು ಎದ್ದು ನಿಂತ ಹಾಗಿರತ್ತೆ ಒಂದೊಂದೂ. ನಾವಿಬ್ರೇ ಇದ್ದಿದ್ದು, ಜೊತೆಗೆ ಅಳಿಯಂದ್ರು. ಅಲ್ಲಿ ಕೂತು ಫ್ಲಾಸ್ಕಲ್ಲಿದ್ದ ಕಾಫಿ ಕುಡಿದ್ವಿ. ಆ ಫ್ಲಾಸ್ಕಿನ ಮುಚ್ಚಳ ಅಲ್ಲೇ ಎಲ್ಲೋ ಬಿದ್ದೋಯ್ತು, ಯಾರಾದ್ರೂ ಹೋದ್ರೆ ನೋಡಿ, ನೀಲಿ ಬಣ್ಣದ್ದು.